ಎರಡೇ ಸೀಟಿನ ಗಾಡಿ

ಆ ಗಾಡಿಯ ಡಿಕ್ಕಿ ತೆರೆದು ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಗೊತ್ತು, ನಾನು ಪಾಠ ಹೇಳುವ ಹೈಸ್ಕೂಲಿನ ಮಕ್ಕಳಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಆದರೆ ಆ ದಿನದ ಸಿಟ್ಟಿಗೆ ಕಾರಣವಿತ್ತು. ಅಷ್ಟುದ್ದ ಮೂತಿಯ ಗಾಡಿ, ಅಷ್ಟು ಸಪ್ಪಳ, ಫೋನು ಹಿಡಿದು ಚಿತ್ರ ತೆಗೆಯಲು ಬಂದ ಅಷ್ಟು ಮಂದಿ. ಹಿಂದೆ ಹೋಗಿ ನೋಡಿದರೆ ನಮ್ಮ ಮನೆಯ ರೊಟ್ಟಿ ಬುಟ್ಟಿ ಕೂಡ ಹಿಡಿಯದಷ್ಟು ಜಾಗ. ಇದನ್ನು ಕಟ್ಟಿದವನು ಹೆಂಡತಿ ಮಕ್ಕಳೊಂದಿಗೆ ಎಂದೂ ಊರಿಗೆ ಹೋದವನಲ್ಲ ಎಂದು ನಾನು ಅಲ್ಲೇ ತೀರ್ಪು ಕೊಟ್ಟೆ.

ಗಾಡಿ ನಮ್ಮದಲ್ಲ. ನಮ್ಮವರ ಬಾಲ್ಯದ ಗೆಳೆಯರೊಬ್ಬರು ಕಟ್ಟಡದ ಗುತ್ತಿಗೆದಾರರು. ಐವತ್ತು ದಾಟಿದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಹುರುಪು ಬಂದು ಪುಣೆಯಿಂದ ಈ ಅರಿಷಿಣ ಬಣ್ಣದ, ಟಾಪು ತೆಗೆಯುವ, ಎರಡೇ ಸೀಟಿನ ಗಾಡಿ ತಂದಿದ್ದರು. ನೆಲಕ್ಕೆ ಹತ್ತಿಕೊಂಡೇ ಓಡುವ ಆ ಗಾಡಿಗೆ ನಮ್ಮೂರಿನ ಧೂಳು, ತಗ್ಗು ದಿನ್ನೆ, ರಸ್ತೆ ಉಬ್ಬು ಒಂದೂ ಹೊಂದಲಿಲ್ಲ. ಅವರಿಗೂ ಸೊಂಟ ಹಿಡಿಯಿತು. ಕೊನೆಗೆ ಬೆಳಗಾವಿಯ ಯಾರಿಗೋ ಮಾರಿಬಿಟ್ಟರು. ಸೋಮವಾರ ಬಂದು ಒಯ್ಯುತ್ತಾರೆ, ಅಷ್ಟರೊಳಗೆ ನೀವಿಬ್ಬರೂ ಎಲ್ಲಿಯಾದರೂ ಅಡ್ಡಾಡಿಕೊಂಡು ಬರ್ರಿ ವೈನಿ ಎಂದು ಕೀಲಿ ಕೊಟ್ಟು ಹೋದರು. ಜೊತೆಗೆ ತಮ್ಮ ಟೆಂಟನ್ನೂ ಕೊಟ್ಟರು. ನಾನು ಇದೆಲ್ಲ ಹುಡುಗಾಟಿಕೆ ಎಂದು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಆದರೆ ನಮ್ಮವರಿಗೆ ಅದು ಹುಡುಗಾಟಿಕೆಯಾಗಿರಲಿಲ್ಲ. ಅವರು ದನಗಳಿಗೆ ಹಾಕುವ ಹತ್ತಿಕಾಳು, ಹಿಂಡಿಯ ವ್ಯಾಪಾರಸ್ಥರು. ಅಂಗಡಿಯಲ್ಲಿ ದಿನವಿಡೀ ಮಾತಾಡಿ ಮಾತಾಡಿ ಮನೆಗೆ ಬಂದ ಮೇಲೆ ಬಾಯಿಗೆ ಬೀಗ ಹಾಕಿಕೊಳ್ಳುವವರು. ಅವತ್ತು ಊಟ ಮುಗಿಸಿ ಕೈ ತೊಳೆಯುತ್ತ, ನನ್ನ ಕಡೆ ನೋಡದೆ, ನಳದ ಕಡೆ ನೋಡಿಕೊಂಡು ಹೇಳಿದರು.

"ಇಬ್ರ ಹೋಗೂಣು. ಈ ಸಲ ಯಾರ್ನೂ ಕರ್ಕೊಳ್ಳೂದು ಬ್ಯಾಡ."

ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂತು. ಈ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ನಮ್ಮಲ್ಲಿ ಯಾರಾದರೂ ಹೊರಟರು ಎಂದರೆ ನಾನೂ ಬರುತ್ತೇನೆ ಎನ್ನುವವರು ಇದ್ದೇ ಇರುತ್ತಾರೆ, ಅವರಿಗೆ ಬೇಡ ಎನ್ನುವ ಬಾಯಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಮದುವೆಯಾದ ಹೊಸದರಲ್ಲಿ ಗೋಕರ್ಣಕ್ಕೆ ಹೋದಾಗಲೂ ಜೀಪಿನ ತುಂಬ ಮಂದಿ ಇದ್ದರು. ಇನ್ನು ಲಾಡ್ಜಿನಲ್ಲಿ ಇಳಿಯುವ ಮಾತೇ ಇಲ್ಲ. ಯಾವ ಊರಿಗೆ ಹೋದರೂ ಅಲ್ಲಿ ಒಬ್ಬ ಸೋದರತ್ತೆಯೋ, ಬೀಗರೋ, ಬೀಗರ ಬೀಗರೋ ಇರುತ್ತಾರೆ. ಅವರ ಮನೆ ಬಿಟ್ಟು ಲಾಡ್ಜು ಹಿಡಿದರೆ ಮುಂದಿನ ಹತ್ತು ಲಗ್ನಗಳಲ್ಲಿ ಅದೇ ಮಾತು. ನಮ್ಮವರು ಯೋಚನೆ ಮಾಡಿಯೇ ಟೆಂಟು ಇಟ್ಟುಕೊಂಡಿದ್ದರು. ಯಲ್ಲಾಪುರದಾಚೆ ಕಾಳಿ ನದಿಯ ಹಿನ್ನೀರಿನ ದಂಡೆಯಲ್ಲಿ ಒಬ್ಬರು ರೈತರು ತಮ್ಮ ಹೊಲದಲ್ಲಿ ಟೆಂಟು ಹೊಡೆಯಲು ಬಿಡುತ್ತಾರಂತೆ. ಅಲ್ಲಿ ನಮ್ಮ ನೆಂಟರು ಯಾರೂ ಇಲ್ಲ.

ಇದರ ಹಿಂದೆ ಇನ್ನೊಂದು ವಿಷಯವಿದೆ, ಅದನ್ನು ಬಿಡಿಸಿ ಹೇಳದಿದ್ದರೆ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಮುಂದಿನ ಸೀಟು ದೊಡ್ಡವರದು. ಮೊದಲು ಜೀಪಿತ್ತು; ನಮ್ಮವರು ನಡೆಸುತ್ತಿದ್ದರು, ಪಕ್ಕದಲ್ಲಿ ಮಾವನವರು. ಆಮೇಲೆ ಈಗಿನ ಬಿಳಿ ಕಾರು ಬಂತು, ಪಕ್ಕದಲ್ಲಿ ಮತ್ತೆ ಮಾವನವರು. ಅವರು ತೀರಿಕೊಂಡ ಮೇಲೆ, ಮೊಣಕಾಲು ನೋವೆಂದು, ಅತ್ತೆ. ಉಳಿದ ಹೆಂಗಸರು ಹಿಂದೆ. ಇದನ್ನು ಯಾರೂ ಗೋಡೆಯ ಮೇಲೆ ಬರೆದಿಲ್ಲ, ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ಗಾಡಿ ನಿಂತಿತೆಂದರೆ ನನ್ನ ಕೈ ತಾನಾಗಿಯೇ ಹಿಂದಿನ ಬಾಗಿಲಿಗೆ ಹೋಗುತ್ತದೆ. ಕೂಸುಗಳಿದ್ದಾಗ ತೊಡೆಯ ಮೇಲೆ ಕೂಸು, ಅವು ದೊಡ್ಡವಾದ ಮೇಲೆ ಹೋಳಿಗೆ ಡಬ್ಬಿ, ಮೊಸರಿನ ಗಡಿಗೆ, ಒದ್ದೆ ಅರಿವೆಯ ಗಂಟು. ನಮ್ಮವರು ಗಾಡಿ ನಡೆಸುವಾಗ ನಾನು ಕಂಡದ್ದು ಅವರ ಕುತ್ತಿಗೆಯ ಹಿಂಭಾಗ ಮಾತ್ರ. ನಾನು ಹಿಂದಿನಿಂದ ಏನಾದರೂ ಹೇಳಿದರೆ ಹಾಂ ಎನ್ನುತ್ತಿದ್ದರು, ಇನ್ನೊಮ್ಮೆ ಹೇಳಿದರೆ ಮತ್ತೆ ಹಾಂ, ಮೂರನೆಯ ಸಲ ನಾನೇ ಸಾಕು ಬಿಡ್ರಿ ಎಂದು ಕಿಡಕಿಯ ಹೊರಗೆ ನೋಡುತ್ತಿದ್ದೆ.

ಆ ಅರಿಷಿಣ ಗಾಡಿಗೆ ಹಿಂದಿನ ಸೀಟೇ ಇರಲಿಲ್ಲ. ಹೆಂಡತಿಯನ್ನು ಕೂರಿಸಿದರೆ ಪಕ್ಕದಲ್ಲೇ ಕೂರಿಸಬೇಕು. ಕೈ ತೊಳೆದು ಅವರು ಹೊರಗೆ ಹೋದ ಮೇಲೆ ನನಗೆ ಇದು ಹೊಳೆಯಿತು. ನಾಚಿಕೆಯಾಯಿತೋ ಖುಷಿಯಾಯಿತೋ ತಿಳಿಯಲಿಲ್ಲ, ಈ ವಯಸ್ಸಿನಲ್ಲಿ ಎರಡೂ ಒಂದೇ ತೆರನಾಗಿ ಮೈ ಬಿಸಿ ಮಾಡುತ್ತವೆ. ನನಗೂ ಆ ಸೀಟು ಬೇಕಾಗಿತ್ತು, ಬಹಳ ದಿವಸದಿಂದ ಬೇಕಾಗಿತ್ತು.

ಬೇಕು ಎಂದರೆ ಸಾಮಾನು ಕಟ್ಟಬೇಕಲ್ಲ. ನಮ್ಮಲ್ಲಿ ಪ್ರಯಾಣವೆಂದರೆ ಮನೆಯನ್ನೇ ಗಂಟು ಕಟ್ಟುವುದು. ಎರಡು ದಿನಕ್ಕೆ ಎಂದು ನಾನು ಪಡಸಾಲೆಯಲ್ಲಿ ಹರವಿದ್ದು ನೋಡಿದರೆ ಬಾಡಿಗೆ ಮನೆ ಬದಲಿಸುತ್ತಿದ್ದೇವೆ ಎನ್ನಬೇಕು. ಖಡಕ್ ರೊಟ್ಟಿಯ ದೊಡ್ಡ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಅವು ಕೆಟ್ಟರೆ ಇರಲಿ ಎಂದು ಚುರುಮುರಿ, ಅದಕ್ಕೆ ಹಚ್ಚಲು ಉಳ್ಳಾಗಡ್ಡಿ, ಉಳ್ಳಾಗಡ್ಡಿಗೆ ಈಳಿಗೆ. ಚಳಿಯೆಂದು ಎರಡು ಕೌದಿ. ಹಾಸಲು ಜಮಖಾನೆ. ಯಾರ ಮನೆಗಾದರೂ ಹೋಗಬೇಕಾಗಿ ಬಂದರೆ ಎಂದು ಒಂದು ರೇಷ್ಮೆ ಸೀರೆ, ಅಲ್ಲಿಂದ ಹೊರಡುವಾಗ ಯಾರಾದರೂ ಉಡಿ ತುಂಬಿದರೆ ಹಾಕಿಕೊಂಡು ಬರಲು ಇನ್ನೊಂದು ಖಾಲಿ ಚೀಲ. ಬೆಳಗಾವಿಯಲ್ಲಿರುವ ಮಗಳು ವಿಡಿಯೋ ಕಾಲಿನಲ್ಲಿ ಇದನ್ನೆಲ್ಲ ನೋಡಿ ಬಿದ್ದು ಬಿದ್ದು ನಕ್ಕಳು. ಅವಳ ಪ್ರಕಾರ ಒಬ್ಬರಿಗೆ ಒಂದು ಹೆಗಲ ಚೀಲ ಸಾಕು. ಅವಳು ನನ್ನ ಮಗಳು ಎನ್ನುವುದೇ ಕೆಲವೊಮ್ಮೆ ಅನುಮಾನ.

ಗಾಡಿಯನ್ನು ಗಿರಣಿಯ ಮುಂದಿನ ದೊಡ್ಡ ರಸ್ತೆಯಲ್ಲಿ ನಿಲ್ಲಿಸಿದ್ದರು, ನಮ್ಮ ಓಣಿಯೊಳಗೆ ಅದು ತಿರುಗುವುದಿಲ್ಲ. ಹೊರಡುವ ಹಿಂದಿನ ದಿನ ಇಬ್ಬರೂ ಸೇರಿ ಸಾಮಾನನ್ನು ಅಲ್ಲಿಗೆ ಹೊತ್ತೆವು. ಒತ್ತಿ, ತುರುಕಿ, ನಾನು ಡಿಕ್ಕಿಯ ಮುಚ್ಚಳದ ಮೇಲೆ ಕುಳಿತುಕೊಳ್ಳುವುದೊಂದು ಬಾಕಿ, ಅಂತೂ ಮುಚ್ಚಿತು. ನಮ್ಮವರು ಒಳಗೆ ಕುಳಿತು ಟಾಪು ತೆಗೆಯುವ ಗುಂಡಿ ಒತ್ತಿದರು. ಗಾಡಿ ಕೀಂಯ್ ಎಂದು ಕೂಗಿತು. ಮತ್ತೆ ಒತ್ತಿದರು, ಮತ್ತೆ ಕೂಗಿತು. ಆಮೇಲೆ ತಿಳಿಯಿತು: ಟಾಪು ಎದ್ದು, ಮಡಚಿಕೊಂಡು ಹೋಗಿ ಮಲಗುವುದು ಅದೇ ಡಿಕ್ಕಿಯೊಳಗೆ. ಅಲ್ಲೊಂದು ಪರದೆಯಿದೆ, ಸಾಮಾನೆಲ್ಲ ಅದರ ಕೆಳಗಿರಬೇಕು. ಅಂದರೆ ತಲೆಯ ಮೇಲೆ ಆಕಾಶ ಬೇಕಾದರೆ ಡಿಕ್ಕಿಯ ಅರ್ಧ ಜಾಗ ಬಿಟ್ಟುಕೊಡಬೇಕು.

ನಮ್ಮವರು ಗುಂಡಿಯಿಂದ ಬೆರಳು ತೆಗೆದರು. ಆಮೇಲೆ ಇರಲಿ ಬಿಡು, ಮುಚ್ಚಿಕೊಂಡೇ ಹೋದರಾಯಿತು ಎಂದರು. ಆ ಇರಲಿ ಬಿಡು ಎಂಬ ಮಾತು ಕೇಳಿ ನನ್ನ ತಲೆ ಕೆಟ್ಟುಹೋಯಿತು. ಆಯುಷ್ಯವೆಲ್ಲ ಅದನ್ನೇ ಅಂದುಕೊಂಡು ಬಂದ ಮನುಷ್ಯ. ಓದಬೇಕೆಂದಿದ್ದರು, ಇರಲಿ ಬಿಡು ಎಂದು ಅಂಗಡಿಗೆ ಕುಳಿತರು. ತಬಲಾ ಕಲಿಯುತ್ತಿದ್ದರು, ಇರಲಿ ಬಿಡು ಎಂದು ಅದಕ್ಕೆ ಅರಿವೆ ಮುಚ್ಚಿ ಅಟ್ಟಕ್ಕೇರಿಸಿದರು. ಟಾಪು ತೆಗೆಯುವ ಗಾಡಿಯನ್ನು ಟಾಪು ಮುಚ್ಚಿಕೊಂಡು ಓಡಿಸುವುದಾದರೆ ನಮ್ಮ ಬಿಳಿ ಕಾರು ಏನು ಪಾಪ ಮಾಡಿತ್ತು? ನಾನು ಡಿಕ್ಕಿ ತೆರೆದು ಒಂದೊಂದೇ ತೆಗೆದು ರಸ್ತೆಯ ಮೇಲೆ ಇಡತೊಡಗಿದೆ. ಗಿರಣಿಗೆ ಬೀಸಲು ಬಂದವರೆಲ್ಲ ನಿಂತು ನೋಡಿದರು, ನೋಡಲಿ.

ತೆಗೆಯುತ್ತ ತೆಗೆಯುತ್ತ ಒಂದು ಸಂಗತಿ ನನಗೆ ಕಾಣಿಸಿತು. ಅದರಲ್ಲಿ ನಮಗಾಗಿ ಎಂದು ಇದ್ದದ್ದು ಕಡಿಮೆ. ರೇಷ್ಮೆ ಸೀರೆ ಯಾರೋ ನೋಡುವವರಿಗಾಗಿ. ಅಷ್ಟು ರೊಟ್ಟಿ, ಯಾರಾದರೂ ಬಂದರೆ ಕೊಡಲು. ಮೂರು ತರದ ಚಟ್ನಿ, ಇಷ್ಟೇ ತಂದಿರೇ ಎಂದು ಯಾರೂ ಕೇಳಬಾರದಲ್ಲ, ಅದಕ್ಕೆ. ಇಬ್ಬರೇ ಹೋಗುವುದೆಂದು ಠರಾವಾದ ಮೇಲೂ ನಾನು ನನಗೇ ಗೊತ್ತಿಲ್ಲದೆ ಹತ್ತು ಮಂದಿಯನ್ನು ಕಟ್ಟಿಕೊಂಡು ಹೊರಟಿದ್ದೆ. ಹಗುರಾಗಿ ಹೋಗುವುದು ನಮಗೆ ಹೊಸದೇನೂ ಅಲ್ಲ ನೋಡಿ. ನಮ್ಮ ಮನೆಯವರ ದೇವರು ಕೊರಳಲ್ಲಿರುತ್ತದೆ. ಎಲ್ಲಿ ನೀರು ಸಿಗುತ್ತದೋ ಅಲ್ಲಿ ಕುಳಿತು, ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು, ಪೂಜೆ ಮುಗಿಸಿ ಏಳಬಹುದು. ದೇವರನ್ನೇ ಇಷ್ಟು ಹಗುರ ಮಾಡಿಕೊಂಡ ಹಿರಿಯರ ಮಕ್ಕಳು ನಾವು, ಉಳ್ಳಾಗಡ್ಡಿಗೆ ಈಳಿಗೆ ಹೊತ್ತುಕೊಂಡು ಹೊರಟಿದ್ದೆವು.

ಕೊನೆಗೆ ಉಳಿದದ್ದು ಟೆಂಟು, ಒಂದು ಚಾದರ, ಇಬ್ಬರದೂ ಸೇರಿ ಒಂದು ಬಟ್ಟೆಯ ಚೀಲ, ರೊಟ್ಟಿ, ಒಂದೇ ಚಟ್ನಿ, ಒಂದು ತಂಬಿಗೆ, ವಿಭೂತಿ. ಕೌದಿ ಬಿಡುವಾಗ ಮಾತ್ರ ಕೈ ಹಿಂದೆಮುಂದೆ ನೋಡಿತು. ಡಿಸೆಂಬರಿನ ಚಳಿ, ಹೊಳೆಯ ದಂಡೆ. ಇರಲಿ, ನಡುಗಿದರೆ ಇಬ್ಬರೂ ನಡುಗೋಣ ಎಂದು ಅದನ್ನೂ ತೆಗೆದೆ. ನಮ್ಮವರು ಪರದೆ ಎಳೆದು ಗುಂಡಿ ಒತ್ತಿದರು. ಟಾಪು ಸದ್ದಿಲ್ಲದೆ ಎದ್ದು ಹಿಂದೆ ಹೋಗಿ ಮಲಗಿತು. ನಮ್ಮವರ ಮುಖದಲ್ಲಿ ಬಂದ ನಗು ನಾನು ಮಕ್ಕಳು ಹುಟ್ಟಿದಾಗ ಕಂಡದ್ದು, ಆಮೇಲೆ ಅಷ್ಟಾಗಿ ಕಂಡಿಲ್ಲ.

ಇನ್ನು ಉಳಿದದ್ದು ಅತ್ತೆಗೆ ಹೇಳುವುದು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು, ಕಾಲು ಸೋತರೂ ಮನೆಯ ಸೂತ್ರ ಇನ್ನೂ ಅವರ ಕೈಯಲ್ಲೇ. ಯಲ್ಲಾಪುರದಲ್ಲಿ ಅವರ ಮಗಳಿದ್ದಾಳೆ, ಅಂದರೆ ನಮ್ಮವರ ಅಕ್ಕ. ನಾವು ಆ ದಾರಿಯಲ್ಲಿ ಹೋಗುತ್ತೇವೆಂದು ಸುದ್ದಿ ಕಿವಿಗೆ ಬಿದ್ದದ್ದೇ ಮಾದಲಿ ಪುಡಿ, ಮೊಮ್ಮಗನ ಕೂಸಿನ ತಲೆಗೆ ಕುಲಾಯಿ, ಹುರಿಗಡಲೆ ಉಂಡಿ ಎಲ್ಲ ಒಂದು ಚೀಲದಲ್ಲಿ ಕೂಡಿಟ್ಟಿದ್ದರು. ಆ ಚೀಲ ಒಯ್ದರೆ ಟಾಪು ತೆಗೆಯುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಕ್ಕನ ಮನೆ ಹೊಕ್ಕರೆ ಅಲ್ಲಿಂದ ಇಬ್ಬರೇ ಹೊರಗೆ ಬೀಳುವ ಹಾಗಿಲ್ಲ. ಭಾವನವರು ತಮ್ಮ ಗಾಡಿ ತೆಗೆದು ಮಕ್ಕಳು ಮರಿ ಕಟ್ಟಿಕೊಂಡು ಹಿಂದೆಯೇ ಬರುತ್ತಾರೆ. ನಮ್ಮವರು ಅವ್ವನ ಮುಂದೆ ಹೋಗಿ ನಿಂತು ಹವಾಮಾನದ ಸುದ್ದಿ ಮಾತಾಡಿ ವಾಪಸು ಬಂದರು. ನಾನೇ ಹೋಗಿ ಹೇಳಿದೆ. ಈ ಸಲ ಅಕ್ಕಾರ ಮನೆಗೆ ಹೋಗುವುದಿಲ್ಲ, ಗಾಡಿಯಲ್ಲಿ ಜಾಗವಿಲ್ಲ, ನಾವಿಬ್ಬರೇ ಹೊರಟಿದ್ದೇವೆ ಎಂದೆ. ಅತ್ತೆ ನನ್ನ ಮುಖ ನೋಡಿದರು, ತುಟಿ ಪಿಟಕ್ಕೆನ್ನಲಿಲ್ಲ. ನಮ್ಮ ಮನೆಯಲ್ಲಿ ಅವರು ಬೈದರೆ ಭಯವಿಲ್ಲ, ಸುಮ್ಮನಾದರೆ ಭಯ.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ, ಬಾಗಿಲಿಗೆ ನೀರು ಹಾಕಿ, ನಾವಿಬ್ಬರೂ ಚೀಲ ಹಿಡಿದುಕೊಂಡು ಗಿರಣಿಯ ಕಡೆ ನಡೆದೆವು. ಅತ್ತೆ ಕೋಣೆಯಲ್ಲಿರಲಿಲ್ಲ, ಪೂಜೆಗೆ ಹೂ ತರಲು ಪಕ್ಕದ ಮನೆಗೆ ಹೋಗಿರಬೇಕು ಎಂದುಕೊಂಡೆ. ಗಾಡಿ ಕಂಡಿತು.

ಅತ್ತೆ ಗಾಡಿಯೊಳಗೆ ಕುಳಿತಿದ್ದರು. ಮುಂದೆ, ನನ್ನ ಸೀಟಿನಲ್ಲಿ. ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಯಲ್ಲಾಪುರದ ಚೀಲ, ಮೊಣಕಾಲುಗಳ ನಡುವೆ ಬಡಿಗೆ. ನಮ್ಮವರು ಗಾಡಿ ಒರೆಸಿ ಟಾಪು ತೆಗೆದಿಟ್ಟು ಮನೆಗೆ ಬಂದಿದ್ದರಂತೆ. ಅಷ್ಟರಲ್ಲೇ ಪಕ್ಕದ ಮನೆಯ ಹೆಣ್ಣುಮಗಳ ತೋಳು ಹಿಡಿದುಕೊಂಡು ಬಂದು, ಅಷ್ಟು ತಗ್ಗಿನ ಸೀಟಿನಲ್ಲಿ ಅದು ಹೇಗೆ ಇಳಿದರೋ, ಇಳಿದು ಕುಳಿತುಬಿಟ್ಟಿದ್ದರು. ಯಾವಾಗಲೂ ಕುಳಿತುಕೊಳ್ಳುವ ಹಾಗೆಯೇ ಕುಳಿತಿದ್ದರು. ಅವರ ಪಾಲಿಗೆ ಗಾಡಿ ಯಾವುದಾದರೇನು, ಮಗನ ಪಕ್ಕದ ಸೀಟು ಅವರದು.

ನಾನು ನಮ್ಮವರನ್ನು ನೋಡಿದೆ. ಅವರು ಕೀಲಿಯನ್ನು ನೋಡುತ್ತಿದ್ದರು. ಅವ್ವಾ, ಇಳಿ ಎನ್ನಲು ಆ ಮನುಷ್ಯನಿಗೆ ಇನ್ನೊಂದು ಜನ್ಮ ಬೇಕು. ಮೈಯೆಲ್ಲ ಉರಿಯಿತು ನನಗೆ. ಇಷ್ಟು ವರ್ಷ ಆ ಸೀಟಿನಲ್ಲಿ ನೀವೇ ಕುಳಿತಿದ್ದೀರಿ, ಎರಡು ದಿನ ಬಿಟ್ಟುಕೊಡಲು ಆಗಲಿಲ್ಲವೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ರಸ್ತೆಯ ತುಂಬ ಜನ. ಬಾಯಿ ಮುಚ್ಚಿದೆ. ಅತ್ತೆ ಮುಂದಿನ ಗಾಜಿನ ಕಡೆಯೇ ನೋಡುತ್ತ ಒಂದು ಮಾತು ಹೇಳಿದರು.

"ಹೊಂಡಪಾ. ಒಂದ ಸುತ್ತ ಹಾಕ್ಕೊಂಡ ಬಾ."

ತಾಯಿ ಮಗ ಹೊರಟುಹೋದರು. ನಾನು ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಗಿರಣಿಯ ಕಟ್ಟೆಯ ಮೇಲೆ ಕುಳಿತೆ. ಅರಿಷಿಣ ಬಣ್ಣ ಮೂಲೆ ತಿರುಗಿ ಮರೆಯಾಯಿತು. ಒಂದು ಸುತ್ತು ಎಂದರೆ ಎಷ್ಟು ದೂರ, ಯಾರಿಗೆ ಗೊತ್ತು? ಆ ಚೀಲ ಹಿಡಿದುಕೊಂಡು ಕುಳಿತ ಹೆಂಗಸು ಯಲ್ಲಾಪುರದವರೆಗೂ ಸುತ್ತು ಹಾಕಿಸಬಲ್ಲಳು. ಬಹುವಚನ ಬಿಟ್ಟೇ ಮನಸ್ಸಿನಲ್ಲಿ ಬೈದುಕೊಂಡೆ. ಶಾಲೆಗೆ ರಜೆ ಹಾಕಿದ್ದೆ, ರದ್ದು ಮಾಡಿ ಹೋಗಿಬಿಡಲೇ ಎನ್ನಿಸಿತು. ಗಿರಣಿಯವರು ಚಹಾ ತರಿಸಿಕೊಟ್ಟರು. ಕುಡಿದೆ, ರುಚಿ ತಿಳಿಯಲಿಲ್ಲ. ಅಳು ಬಂದಿತ್ತು, ನಿಜ ಹೇಳುತ್ತೇನೆ. ಒಂದು ಸೀಟಿಗಾಗಿ ಅಳುವುದೇ ಎಂದು ಬಿಗಿ ಹಿಡಿದು ಕುಳಿತೆ. ಆದರೆ ಅದು ಸೀಟಲ್ಲ. ಗಂಡನ ಪಕ್ಕದಲ್ಲಿ ನನಗೊಂದು ಜಾಗವಿದೆಯೋ ಇಲ್ಲವೋ ಎಂಬ ಮಾತು. ಅದು ಇವತ್ತು ಇತ್ಯರ್ಥವಾಗುತ್ತಿದೆ, ಅದೂ ಗಿರಣಿಯ ಮುಂದೆ, ನಾಲ್ಕು ಮಂದಿಯ ಎದುರು ಎಂದು ನನಗೆ ಸಂಕಟ.

ಅವರು ವಾಪಸು ಬಂದರು. ಉಣಕಲ್ ಕೆರೆಯವರೆಗೆ ಹೋಗಿದ್ದರಂತೆ. ಅತ್ತೆಯ ಸೆರಗು ತಲೆಯಿಂದ ಜಾರಿ ಹೆಗಲ ಮೇಲೆ ಬಿದ್ದಿತ್ತು, ಬಿಳಿಗೂದಲು ಗಾಳಿಗೆ ಕೆದರಿ ನಿಂತಿತ್ತು. ನಾನು ಸೊಸೆಯಾಗಿ ಬಂದ ಮೇಲೆ ಹೊರಗಿನವರ ಎದುರು ಅವರ ತಲೆಯ ಮೇಲೆ ಸೆರಗಿಲ್ಲದ್ದನ್ನು ಕಂಡಿರಲಿಲ್ಲ. ಅವರು ಅದನ್ನು ಸರಿಮಾಡಿಕೊಳ್ಳಲೂ ಇಲ್ಲ. ನಾನೂ ಪಕ್ಕದ ಮನೆಯ ಹೆಣ್ಣುಮಗಳೂ ಎರಡು ಕಡೆ ಹಿಡಿದು ಎಬ್ಬಿಸಿದೆವು. ನಿಂತ ಮೇಲೆ ಅವರು ನನ್ನ ಕೈ ಬಿಡಲಿಲ್ಲ, ಏನೋ ಹೇಳುವವರ ಹಾಗೆ ನನ್ನ ಮುಖ ನೋಡಿದರು. ಲಗೂ ಹೊಂಡ್ರಿ, ಬಿಸಿಲಾಗುತ್ತದೆ ಎಂದಷ್ಟೇ ಅಂದು, ಯಲ್ಲಾಪುರದ ಚೀಲವನ್ನು ತಾವೇ ಎತ್ತಿಕೊಂಡು, ಬಡಿಗೆ ಊರುತ್ತ ಓಣಿಯೊಳಗೆ ನಡೆದರು. ನನಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪುರುಸೊತ್ತೂ ಇರಲಿಲ್ಲ, ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂದು ಥಟ್ಟನೆ ಒಳಗೆ ಕುಳಿತುಬಿಟ್ಟೆ.

ಕಲಘಟಗಿ ರಸ್ತೆ ಹಿಡಿಯುವವರೆಗೂ ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಿಡಿದುಕೊಳ್ಳಲು ಡಬ್ಬಿಯಿಲ್ಲ, ಕೂಸಿಲ್ಲ. ಗಾಳಿ ಕಿವಿಗೆ ಬಡಿಯುತ್ತಿತ್ತು. ಎದುರಿಗೆ ಬರುವ ಪ್ರತಿಯೊಂದು ಲಾರಿಗೂ ನಾನು ಕಾಲಿನಿಂದ ಬ್ರೇಕು ಒತ್ತುತ್ತಿದ್ದೆ, ನಮ್ಮವರು ನಗುತ್ತಿದ್ದರು. ಪಕ್ಕದಿಂದ ನೋಡಿದರೆ ಅವರು ಬೇರೆಯೇ ಮನುಷ್ಯ. ಗಾಡಿ ನಡೆಸುವಾಗ ಕೆಳತುಟಿ ಕಚ್ಚಿಕೊಳ್ಳುತ್ತಾರೆ, ದಾರಿ ಖಾಲಿಯಾದರೆ ಬೆರಳಿನಿಂದ ಸ್ಟಿಯರಿಂಗಿನ ಮೇಲೆ ತಬಲಾದ ಪೆಟ್ಟು ಹಾಕುತ್ತಾರೆ. ಇದು ನನಗೆ ಗೊತ್ತೇ ಇರಲಿಲ್ಲ. ಮತ್ತೆ ಮಾತು ಎಂದರೆ ಮಾತು. ಅಂಗಡಿಯ ಸುದ್ದಿ, ಹೊಲಗಳ ಸುದ್ದಿ, ಸಣ್ಣವರಿದ್ದಾಗ ಸೈಕಲ್ಲಿನ ಮೇಲೆ ಧಾರವಾಡಕ್ಕೆ ಹೋಗಿ ಮಳೆಯಲ್ಲಿ ಸಿಕ್ಕಿಬಿದ್ದದ್ದು. ನಾನು ಒಂದು ಹೇಳಿದರೆ ಹಾಂ ಎನ್ನುತ್ತಿರಲಿಲ್ಲ, ಉತ್ತರ ಕೊಡುತ್ತಿದ್ದರು. ಯಲ್ಲಾಪುರದಲ್ಲಿ ಅಕ್ಕನ ಮನೆಗೆ ತಿರುಗುವ ದಾರಿ ಬಂದಾಗ ಮಾತ್ರ ಇಬ್ಬರೂ ಸುಮ್ಮನಾಗಿ, ಶಾಲೆ ತಪ್ಪಿಸಿದ ಹುಡುಗರಂತೆ ನೇರ ಮುಂದೆ ನೋಡುತ್ತ ದಾಟಿದೆವು. ಅರಿಷಿಣ ಬಣ್ಣದ ಗಾಡಿ, ಅದೂ ಟಾಪಿಲ್ಲದ್ದು, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡಿದ್ದೆವು.

ಹೊಳೆಯ ದಂಡೆಯಲ್ಲಿ ಟೆಂಟು ನಿಲ್ಲಿಸುವಷ್ಟರಲ್ಲಿ ಸಂಜೆಯಾಯಿತು, ಅದು ಎರಡು ಸಲ ನಮ್ಮ ಮೇಲೆಯೇ ಬಿತ್ತು. ಹೊಲದವರು ಬಂದು ಒಂದು ಗೂಟ ಬಡಿದುಕೊಟ್ಟರು. ರೊಟ್ಟಿ ಚಟ್ನಿ ತಿಂದೆವು. ಚಳಿ ಬಂತು, ಖರೇ ಚಳಿ. ತಂದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು, ಒಂದೇ ಚಾದರದೊಳಗೆ ಮುದುಡಿ ಕುಳಿತೆವು. ನನಗೆ ಬಿಟ್ಟು ಬಂದ ಕೌದಿಯ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಉಳಿದದ್ದು ಯಾವುದೂ ನೆನಪಾಗಲಿಲ್ಲ. ಬೆಳಗ್ಗೆ ನಮ್ಮವರು ನೀರಿನ ಅಂಚಿಗೆ ಕುಳಿತು ಲಿಂಗಪೂಜೆ ಮಾಡಿಕೊಂಡರು, ನಾನು ತಂಬಿಗೆಯಲ್ಲಿ ನೀರು ತಂದುಕೊಟ್ಟೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ನಾನು ಅಲ್ಲೇ ಮಗ್ಗುಲಲ್ಲಿ ಕುಳಿತೆ, ಬಹಳ ಹೊತ್ತು ಕುಳಿತೆ, ಸುಖವಾಗಿದ್ದೆ.

ವಾಪಸು ಬರುವಾಗ ಹುಬ್ಬಳ್ಳಿ ಹತ್ತಿರವಾದಷ್ಟೂ ನನ್ನ ಸಿಟ್ಟು ಏರತೊಡಗಿತು. ನಮ್ಮವರು ಏನಾಯಿತೆಂದು ಕೇಳಿದರೆ ಏನಿಲ್ಲ ಎಂದೆ. ಏನಿಲ್ಲ ಎಂದರೆ ಏನೋ ಇದೆ ಎಂದು ಅವರಿಗೂ ಗೊತ್ತು. ಸೋಮವಾರ ಬೆಳಗಾವಿಯವರು ಬಂದು ಗಾಡಿ ಒಯ್ಯುತ್ತಾರೆ. ಇನ್ನು ಮುಂದೆ ಅದೇ ಬಿಳಿ ಕಾರು. ಅದಕ್ಕೆ ಹಿಂದಿನ ಸೀಟು ಇದೆ. ಎರಡು ದಿನ ಆಡಲು ಕೊಟ್ಟು ಕಸಿದುಕೊಂಡ ಹಾಗೆ ಎನ್ನಿಸಿತು, ಹೋಗದೇ ಇದ್ದಿದ್ದರೇ ಚೆನ್ನಾಗಿತ್ತು ಎಂದು ಕೂಡ ಎನ್ನಿಸಿತು. ಪಕ್ಕದಿಂದ ಆ ಮುಖ ನೋಡಿಯಾದ ಮೇಲೆ ಮತ್ತೆ ಕುತ್ತಿಗೆ ನೋಡಿಕೊಂಡು ಹೋಗುವುದು ಹೇಗೆ?

ಗಾಡಿ ಹೋಯಿತು. ಯಲ್ಲಾಪುರದಿಂದ ಅಕ್ಕನ ಫೋನೂ ಬಂತು, ನಮ್ಮನ್ನು ಅವರ ಓಣಿಯ ಅರ್ಧ ಮಂದಿ ನೋಡಿದ್ದರು. ಅತ್ತೆ ಫೋನು ತೆಗೆದುಕೊಂಡು, ನಾನೇ ಹೋಗಬೇಡ್ರಿ ಅಂದಿದ್ದೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರು ಹಾಗೆ ಅಂದಿರಲಿಲ್ಲ.

ಕೆಲವು ದಿನಗಳಾದ ಮೇಲೆ ನನ್ನ ತವರೂರು ಗರಗದಲ್ಲಿ ತಮ್ಮನ ಮೊಮ್ಮಗಳಿಗೆ ತೊಟ್ಟಿಲ ಕಾರ್ಯವಿತ್ತು. ಮನೆಯವರೆಲ್ಲ ಹೊರಟೆವು. ಮನೆಯವರೆಲ್ಲ ಎಂದರೆ ಈಗ ನಾವು ಮೂವರೇ. ನಮ್ಮವರು ಬಿಳಿ ಕಾರು ಓಣಿಯ ಬಾಯಿಗೆ ತಂದು ನಿಲ್ಲಿಸಿದರು. ನಾನು ತೊಟ್ಟಿಲಿಗೆಂದು ಮಾಡಿದ ಗುಗ್ಗರಿಯ ಬುಟ್ಟಿ, ಹೋಳಿಗೆ ಡಬ್ಬಿ, ಸೀರೆ ಕುಪ್ಪಸದ ಚೀಲ ಎಲ್ಲ ಹಿಡಿದುಕೊಂಡು ಎಂದಿನಂತೆ ಹಿಂದಿನ ಬಾಗಿಲ ಹತ್ತಿರ ಹೋದೆ. ಬಾಗಿಲು ಆಗಲೇ ತೆರೆದಿತ್ತು. ಅತ್ತೆ ಒಂದು ಕೈಯಿಂದ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ತಮ್ಮ ಬಲಗಾಲನ್ನು ಎತ್ತಿ ಒಳಗೆ ಇಡುತ್ತಿದ್ದರು. ಅಲ್ಲಿ ಮುಂದಿನ ಸೀಟಿನ ಬೆನ್ನು ಅಡ್ಡ ಬರುತ್ತದೆ, ಮೊಣಕಾಲು ಮಡಚಲೇಬೇಕು. ಅವರು ಹಲ್ಲು ಕಚ್ಚಿ ಮಡಚುತ್ತಿದ್ದರು.

ಅಲ್ಲಲ್ಲ ಅತ್ತಿ, ಮುಂದೆ ಬರ್ರಿ, ಕಾಲು ನೋಯುತ್ತದೆ ಎಂದೆ. ಅವರು ಕೇಳಿಸದವರಂತೆ ಎರಡನೆಯ ಕಾಲನ್ನೂ ಎಳೆದುಕೊಂಡು ಪೂರ್ತಿ ಕುಳಿತು, ಉಸಿರು ಬಿಟ್ಟು, ಬುಟ್ಟಿಗಾಗಿ ಕೈ ಚಾಚಿದರು. ಕೊಟ್ಟೆ. ಡಬ್ಬಿಯನ್ನೂ ಇಸಿದುಕೊಂಡರು. ಆಮೇಲೆ ನನ್ನ ಕಡೆ ನೋಡದೆ, ಡಬ್ಬಿಯ ಮುಚ್ಚಳ ಭದ್ರ ಮಾಡುತ್ತ ಹೇಳಿದರು.

"ನಾ ಮುಂದ ಕುಂತಿದ್ದು ನಿಮ್ಮ ಮಾವ ಹೋದ ಮ್ಯಾಲೆ. ಅವರ ಬಾಜೂಕ ಒಂದ ದಿನಾನೂ ಕುಂದರಲಿಲ್ಲ. ನೀ ಕುಂದ್ರವಾ."

ನಾನು ಮುಂದಿನ ಬಾಗಿಲು ತೆಗೆದು ಕುಳಿತೆ. ಗರಗ ಬರುವವರೆಗೂ ಹಿಂದಕ್ಕೆ ತಿರುಗಿ ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.